ಕುರ್ಚಿಯ ಹಿಂದೆ ನಿಂತವರು

ಹುದಿಕೇರಿ ಪೇಟೆ ದಾಟಿ ಮೂರು ಮೈಲಿ ಒಳಗಿರುವ ಅಡ್ಯಂತಾಯರ ಬಂಗಲೆಯಲ್ಲಿ ಬೆಳಿಗ್ಗೆ ಮಾಡಿದ ಅನ್ನ ಮಧ್ಯಾಹ್ನಕ್ಕೆ ಹಳಸುತ್ತದೆ. ಬೇಸಿಗೆಯಲ್ಲಾದರೆ ಯಾರ ಮನೆಯಲ್ಲೂ ಹಳಸೀತು, ಅದರಲ್ಲೇನು ಹೆಚ್ಚುಗಾರಿಕೆ ಎನ್ನಬಹುದು. ಆದರೆ ಡಿಸೆಂಬರಿನಲ್ಲಿ, ಕಾಫಿ ಹಣ್ಣಿನ ಪಿಕಿಂಗಿಗೆ ಹೋದವರ ಬೆರಳು ಮರಗಟ್ಟುವ ಚಳಿಯಲ್ಲೂ ಹಳಸುತ್ತದೆ. ಅಕ್ಕಿ ಬದಲಾಯಿಸಿ ನೋಡಿದ್ದಾಯಿತು, ಪಾತ್ರೆ ಬದಲಾಯಿಸಿ ನೋಡಿದ್ದಾಯಿತು, ಫ್ರಿಜ್ಜಿನಲ್ಲಿಟ್ಟೂ ನೋಡಿದ್ದಾಯಿತು. ಅದೇ ಅಕ್ಕಿಯನ್ನು ಶಿವಮ್ಮ ತೋಟದಾಳುಗಳ ಸಾಲಿನಲ್ಲಿರುವ ತನ್ನ ಲೈನುಮನೆಗೆ ಒಯ್ದು ಬೇಯಿಸಿದರೆ ಮಾರನೆಯ ಬೆಳಿಗ್ಗೆಯೂ ಒಂದು ಅಗುಳು ಕೆಡುವುದಿಲ್ಲ.

ಶಿವಮ್ಮ ಆ ಬಂಗಲೆಯ ಅಡುಗೆಯವಳು. ಹದಿನಾಲ್ಕನೇ ವಯಸ್ಸಿಗೆ ಹಿತ್ತಿಲಲ್ಲಿ ಪಾತ್ರೆ ತಿಕ್ಕಲು ಬಂದವಳಿಗೆ ಈಗ ಅರವತ್ತೆರಡು. ಹಿತ್ತಿಲಿನಿಂದ ಅಡುಗೆಮನೆಯ ಹೊಸ್ತಿಲು ದಾಟುವುದಕ್ಕೆ ಅವಳಿಗೆ ಇಪ್ಪತ್ತು ವರ್ಷ ಬೇಕಾಯಿತು. ದಾಟಿಸಿದ್ದು ಯಾರ ದೊಡ್ಡ ಮನಸ್ಸೂ ಅಲ್ಲ. ಘಟ್ಟದ ಕೆಳಗಿನಿಂದ ಕರೆಸಿದ ಅಡುಗೆಯವರು ಒಬ್ಬರಾದ ಮೇಲೆ ಒಬ್ಬರು ತಿಂಗಳು ತುಂಬುವ ಮೊದಲೇ ಗಂಟು ಕಟ್ಟುತ್ತಿದ್ದರು. ಊಟದ ಹಾಲಿಗೆ ಸಾರು ಒಯ್ದರೆ ಮೇಜಿನ ತುದಿಯ ಕುರ್ಚಿಯ ಹಿಂದೆ ಯಾರೋ ನಿಂತ ಹಾಗಿರುತ್ತದೆ, ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ಸುತ್ತು ಹಾಕಿಕೊಂಡೇ ಹೋಗಬೇಕೆನಿಸುತ್ತದೆ ಎಂದು ಅವರು ಹೇಳುತ್ತಿದ್ದರು. ಶಿವಮ್ಮ ಮಾತ್ರ ಗಂಟು ಕಟ್ಟಲಿಲ್ಲ. ಅವಳಿಗೂ ಹೆದರಿಕೆಯಿತ್ತು. ಆದರೆ ಅಲ್ಲಿ ನಿಂತಿರುವುದು ಅವಳ ಸ್ವಂತ ಅಜ್ಜ ಎಂದು ಊರೇ ಹೇಳುತ್ತಿತ್ತು.

ಊರವರು ಅದಕ್ಕೆ ಮಾರನ ಕಾಟ ಎಂದು ಹೆಸರಿಟ್ಟಿದ್ದರು. ಮಾರ ಎಂದರೆ ಶಿವಮ್ಮನ ತಾಯಿಯ ತಂದೆ. ಅವಳು ಶಾಲೆಗೆ ಹೋದ ನಾಲ್ಕು ವರ್ಷವೂ ಮಕ್ಕಳು ಅವಳ ಹಿಂದೆ ಬಂದು ಸುಮ್ಮನೆ ನಿಲ್ಲುತ್ತಿದ್ದರು. ತಿರುಗಿ ನೋಡಿದರೆ ಕೇಕೆ ಹಾಕಿ ಓಡುತ್ತಿದ್ದರು. ಅವಳ ಮದುವೆಗೆ ಕೊಡ್ಲಿಪೇಟೆ ಕಡೆಯಿಂದ ಬಂದ ಮೊದಲನೇ ಸಂಬಂಧ ಮುರಿದದ್ದೂ ಅದರಿಂದಲೇ. ಈ ಕಥೆಗೆ ಒಬ್ಬ ದಣಿಯೂ ಉಂಟು, ಒಂದು ದೂರದ ಊರೂ ಉಂಟು. ಅದನ್ನು ಹೇಳದೆ ಶಿವಮ್ಮನ ಬದುಕು ಹೇಳಲಾಗದು.

ಆ ದಣಿ ದೂಮಣ್ಣ ಅಡ್ಯಂತಾಯರು. ಘಟ್ಟದ ಕೆಳಗೆ ಗದ್ದೆ, ಘಟ್ಟದ ಮೇಲೆ ಕಾಫಿ ತೋಟ. ಬ್ರಿಟಿಷರ ಕಾಲದಲ್ಲಿ, ಎರಡು ದೊಡ್ಡ ಯುದ್ಧಗಳ ನಡುವೆ, ಅವರು ಚುನಾವಣೆಗೆ ನಿಂತು ದೆಹಲಿಯ ಶಾಸನಸಭೆಗೆ ಮೆಂಬರಾದರು. ಆಗ ಓಟು ಇದ್ದದ್ದೇ ತೆರಿಗೆ ಕಟ್ಟುವ ನಾಲ್ಕು ಜನರಿಗೆ. ಆ ನಾಲ್ಕರಲ್ಲಿ ಮೂರು ಜನ ಅವರ ನೆಂಟರು ಎಂದು ತಮಾಷೆ ಮಾಡುವವರಿದ್ದರು. ಚಳಿಗಾಲದಲ್ಲಿ ಸಭೆ ದೆಹಲಿಯಲ್ಲಿ, ಮಳೆಗಾಲ ಮುಗಿಯುತ್ತಿದ್ದ ಹಾಗೆ ಸಿಮ್ಲಾದಲ್ಲಿ. ಮೂರು ವರ್ಷ ಹೋಗಿ ಬಂದರು, ಸಭೆಯಲ್ಲಿ ಮಾತ್ರ ಒಂದು ದಿನವೂ ಬಾಯಿ ತೆರೆಯಲಿಲ್ಲ. ಅಲ್ಲಿನ ಇಂಗ್ಲಿಷಿನ ಭರಾಟೆಗೆ ಅವರ ನಾಲಗೆ ಏಳುತ್ತಿರಲಿಲ್ಲವಂತೆ. ಯಾರೂ ಅವರನ್ನು ಗುರುತು ಹಿಡಿಯುತ್ತಿರಲಿಲ್ಲ, ಅವರೂ ಯಾರ ಜೊತೆಗೂ ಬೆರೆಯುತ್ತಿರಲಿಲ್ಲ.

ಅಷ್ಟು ದೂರ, ಅಷ್ಟು ಚಳಿಗೆ ಜೊತೆಗೆ ಬರಲು ಮನೆಯ ಆಳುಗಳು ಒಬ್ಬೊಬ್ಬರೂ ಒಂದೊಂದು ನೆಪ ಹೇಳಿ ತಪ್ಪಿಸಿಕೊಂಡರು. ಕೊನೆಗೆ ದಣಿ ಲೈನಿನಿಂದ ಮಾರನನ್ನು ಕರೆದುಕೊಂಡು ಹೋದರು. ಟ್ರಂಕು ಹೊರುವುದು, ಬೂಟು ಉಜ್ಜುವುದು, ಗಂಜಿ ಬೇಯಿಸುವುದು, ದಣಿ ಊಟಕ್ಕೆ ಕೂತಾಗ ಕುರ್ಚಿಯ ಹಿಂದೆ ನಿಲ್ಲುವುದು ಅವನ ಕೆಲಸ. ಊರಿನಲ್ಲಿ ಬಂಗಲೆಯ ಜಗಲಿ ಹತ್ತದಿದ್ದವನು ಸಿಮ್ಲಾದಲ್ಲಿ ದಣಿಗೆ ಅನ್ನ ಬಡಿಸಿದ. ಅಲ್ಲಿ ನೋಡುವವರು ಯಾರಿದ್ದರು?

ಮೂರನೇ ವರ್ಷ ಸಿಮ್ಲಾದಲ್ಲಿ ದಣಿಗೆ ಜ್ವರ ಬಂತು, ಅಲ್ಲೇ ತೀರಿಕೊಂಡರು. ತಂತಿ ಬಂತು, ಆಮೇಲೆ ಬೂದಿ ಬಂತು, ಟ್ರಂಕು ಬಂತು. ಮಾರ ಬರಲಿಲ್ಲ. ಅವನ ಹೆಂಡತಿ ಜವರಿ ಎರಡು ವರ್ಷದ ಮಗು ಸಿದ್ದಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಂಗಲೆಯ ಗೇಟಿನ ಹತ್ತಿರ ಮೂರು ದಿನ ನಿಂತಳು. ಅವನ ವಿಷಯ ಯಾರಿಗೂ ಗೊತ್ತಿರಲಿಲ್ಲ, ಯಾರೂ ವಿಚಾರಿಸಿರಲೂ ಇಲ್ಲ. ಅವಳ ಕೈಯಲ್ಲಿದ್ದದ್ದು ಒಂದೇ ಕಾರ್ಡು. ದಣಿ ತೀರಿಹೋಗುವ ಮೊದಲು ಮಾರ ಅಲ್ಲಿ ಯಾರಿಂದಲೋ ಬರೆಸಿ ಹಾಕಿದ್ದು. ಲೆಕ್ಕ ಬರೆಯುವ ಎಸ್ಟೇಟ್ ರೈಟರು ಅದನ್ನು ಓದಿ ಹೇಳಿದರು: "ದಣಿಗೆ ಜ್ವರ ಬಿಟ್ಟಿಲ್ಲ. ನಿನ್ನೆ ದಣಿ ಕೋಟು ಹಾಕ್ಕೊಂಡೆ, ಪೇಟ ಇಟ್ಕೊಂಡೆ. ಊರಿಗೆ ಬಂದು ಹೇಳ್ತೀನಿ, ನೀನು ನಗ್ತೀಯ."

ಓದಿದ ರೈಟರು ಲೊಚಗುಟ್ಟಿ ಕಾರ್ಡನ್ನು ಮ್ಯಾನೇಜರಿಗೆ ಕೊಟ್ಟುಬಿಟ್ಟರು. ಅಲ್ಲಿಗೆ ತೀರ್ಮಾನವಾಯಿತು. ದಣಿ ಜ್ವರದಲ್ಲಿ ನರಳುತ್ತಿದ್ದಾಗ ಆಳು ಕೋಟು, ಪೇಟ ಕದ್ದು ಹಾಕಿಕೊಂಡು ಓಡಿದ. ದಣಿ ನೀರು ಕೊಡುವವರಿಲ್ಲದೆ ಸತ್ತರು. ಆಮೇಲೆ ಬಂಗಲೆಯಲ್ಲಿ ಕುರ್ಚಿಯ ಹಿಂದೆ ಯಾರೋ ನಿಲ್ಲುವುದು ಶುರುವಾದಾಗ ಎಲ್ಲರಿಗೂ ಲೆಕ್ಕ ಸರಿಹೋಯಿತು. ಕಳ್ಳ ಎಲ್ಲೋ ದಾರಿಯಲ್ಲಿ ಸತ್ತಿದ್ದಾನೆ, ಮಾಡಿದ ಪಾಪಕ್ಕೆ ಗತಿಯಿಲ್ಲದೆ ಹಳೆಯ ಕೆಲಸಕ್ಕೇ ಬಂದು ನಿಂತಿದ್ದಾನೆ. ಕುರ್ಚಿಯ ಹಿಂದೆ ಆಳಲ್ಲದೆ ಇನ್ನಾರು ನಿಲ್ಲುತ್ತಾರೆ?

ಜವರಿ ಸಾಯುವವರೆಗೆ ಗಾಜಿನ ಬಳೆ ತೆಗೆಯಲಿಲ್ಲ. ಗಂಡ ಸತ್ತ ಸುದ್ದಿ ಬಂದಿಲ್ಲ, ಹಾಗಾಗಿ ಸತ್ತಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಲೈನಿನ ಮನೆಮನೆಯಲ್ಲೂ ತೀರಿಹೋದ ಹಿರಿಯರಿಗೆ ಎಲೆ ಹಾಕಿ ಬಡಿಸುವಾಗ ಮಾರನಿಗೆ ಮಾತ್ರ ಎಲೆಯಿಲ್ಲ. ಬದುಕಿರುವವರ ಹೆಸರಿಗೆ ಎಲೆ ಹಾಕಿದರೆ ಅವರನ್ನು ಕೈಯಾರೆ ಕೊಂದ ಹಾಗೆ. ಶಿವಮ್ಮನಿಗೆ ಹನ್ನೆರಡು ವರ್ಷವಿದ್ದಾಗ ಜವರಿ ತೀರಿಕೊಂಡಳು. ಹೆಣದ ಕೈಯ ಬಳೆ ಒಡೆಯಬೇಕೋ ಬೇಡವೋ ಎಂದು ಹೆಂಗಸರು ಅರ್ಧ ದಿನ ಜಗಳವಾಡಿದ್ದು ಅವಳಿಗೆ ನೆನಪಿದೆ. ಅಜ್ಜಿ ಹೇಳುತ್ತಿದ್ದ ಇನ್ನೊಂದು ಮಾತೂ ನೆನಪಿದೆ. ತೋಟದಲ್ಲಿ ಕಾಡು ಕಡಿಯುವಾಗ ಕತ್ತಿ ಜಾರಿ ಮಾರನ ಎಡಗಾಲಿನ ಹೆಬ್ಬೆರಳು, ಅದರ ಪಕ್ಕದ ಬೆರಳು ಎರಡೂ ಹೋಗಿದ್ದವು. ಮಳೆಗಾಲದಲ್ಲಿ ಅಂಗಳದ ಕೆಸರಿನಲ್ಲಿ ಮೂರೇ ಬೆರಳಿನ ಹೆಜ್ಜೆ ಕಂಡರೆ ತನ್ನ ಗಂಡ ಮನೆಗೆ ಬಂದಾಯಿತು ಎಂದು ಜವರಿಗೆ ಗೊತ್ತಾಗುತ್ತಿತ್ತಂತೆ.

ಸಿದ್ದಿಯೂ ಅಪ್ಪನಿಗೆ ಒಂದು ಎಲೆ ಹಾಕಲಾಗದೆಯೇ ಹೋದಳು. ಹೋಗುವಾಗ ಮಗಳ ಕೈ ಹಿಡಿದು, "ನಿನ್ ಕಾಲಕ್ಕಾದ್ರೂ ಒಂದು ಗೊತ್ತುಮಾಡ್ಕೊಂಡು ಎಲೆ ಹಾಕು" ಎಂದಿದ್ದಳು. ಶಿವಮ್ಮ ಹೂಂ ಎಂದಿದ್ದಳು. ಆ ಹೂಂ ಅವಳ ಎದೆಯ ಮೇಲೆ ಕಲ್ಲಾಗಿ ಕೂತಿತ್ತು.

ಬಂಗಲೆಯಲ್ಲಿ ದೊಡ್ಡ ದಣಿಗೆ ಮಾತ್ರ ವರ್ಷ ತಪ್ಪದೆ ಎಲೆ ಬೀಳುತ್ತಿತ್ತು. ಊಟದ ಹಾಲಿನ ಗೋಡೆಯಲ್ಲಿ ಮೂರಡಿ ಉದ್ದದ ಒಂದು ಫೋಟೋ ಇದೆ. ಸಿಮ್ಲಾದಲ್ಲಿ ಮೆಂಬರುಗಳನ್ನೆಲ್ಲ ಒಟ್ಟಿಗೆ ಕೂರಿಸಿ, ನಿಲ್ಲಿಸಿ ತೆಗೆದದ್ದು. ದಣಿ ಸತ್ತು ಎರಡು ತಿಂಗಳಿಗೆ ಅದು ಸುರುಳಿಯಾಗಿ ಅಂಚೆಯಲ್ಲಿ ಬಂತು. "ಮುಂದಿನ ಕುರ್ಚಿ ಸಾಲಿನ ಎಡತುದಿ ನನಗೇ ಸಿಕ್ಕಿದೆ" ಎಂದು ದಣಿ ಮೊದಲೇ ಹೆಮ್ಮೆಯಿಂದ ಮನೆಗೆ ಬರೆದಿದ್ದರು. ಅಲ್ಲಿ ನೋಡಿದರೆ ಕೋಟು ಅವರದೇ, ಪೇಟ ಅವರದೇ. ಮುಖ ಮಾತ್ರ ಅಲುಗಿ ಕಲಸಿಹೋಗಿತ್ತು. ನೂರಮೂವತ್ತು ಮುಖಗಳಲ್ಲಿ ಅದೊಂದೇ ಹಾಗೆ. ಫೋಟೋ ತೆಗೆಯುವಾಗ ಅವರು ಹಿಂದಕ್ಕೆ ತಿರುಗಲು ಹೋದ ಹಾಗಿತ್ತು. ಆ ಕಲಸಿದ ಮುಖದ ಮೇಲೆ, ಗಾಜಿಗೆ, ಮನೆಯವರು ಪ್ರತಿ ಅಮಾವಾಸ್ಯೆ ಕುಂಕುಮ ಹಚ್ಚುತ್ತಿದ್ದರು. ಮಹಾಲಯದ ದಿನ ಅದರ ಕೆಳಗೆ ಎಲೆ ಹಾಕಿ ಕೋಳಿ ಸುಕ್ಕ, ನೀರುದೋಸೆ ಬಡಿಸುತ್ತಿದ್ದರು. ಎಲೆ ಯಾವ ಮುಖದ ಎದುರು ಬೀಳುತ್ತದೋ ಊಟ ಆ ಜೀವಕ್ಕೆ ಸೇರುತ್ತದೆ ಎಂಬುದು ಆ ಮನೆಯ ನಂಬಿಕೆ.

ಈಗ ಬಂಗಲೆಯಲ್ಲಿರುವುದು ದೊಡ್ಡ ದಣಿಯ ಮೊಮ್ಮಗನ ಹೆಂಡತಿ ಮಾಲತಿಯಮ್ಮ. ಗಂಡ ತೀರಿಕೊಂಡ ಮೇಲೆ ಎರಡು ಕೋಣೆಗಳನ್ನು ಹೋಮ್‌ಸ್ಟೇಗೆ ಬಿಟ್ಟಿದ್ದರು. ಒಳ್ಳೆಯ ಹೆಂಗಸು, ಸ್ವಲ್ಪ ಮುಂಗೋಪಿ. ಹೋದ ವರ್ಷ ಮೈಸೂರಿನಿಂದ ಬಂದ ಗಂಡಹೆಂಡಿರು ಅರ್ಧ ಊಟಕ್ಕೇ ಎದ್ದರು. "ನಿಮ್ಮ ಸಪ್ಲೈಯರ್‌ಗೆ ಸ್ವಲ್ಪ ಮ್ಯಾನರ್ಸ್ ಹೇಳಿಕೊಡಿ ಮೇಡಂ, ತಿನ್ನೋವಾಗ ಕುತ್ತಿಗೆ ಮೇಲೆ ಉಸಿರು ಬಿಡ್ತಾ ನಿಲ್ತಾನೆ" ಎಂದು ಗಂಡ ರೇಗಿದ. ಆ ಹೊತ್ತು ಬಂಗಲೆಯಲ್ಲಿ ಗಂಡಸೆಂಬ ಜೀವ ಅವನನ್ನು ಬಿಟ್ಟು ಇನ್ನೊಂದು ಇರಲಿಲ್ಲ. ಮಾಲತಿಯಮ್ಮ ಅಂದಿನಿಂದ ಹಾಲಿನಲ್ಲಿ ಊಟ ಮಾಡುವುದನ್ನು ಬಿಟ್ಟರು. ಅಡುಗೆಮನೆಯಲ್ಲಿ ತಟ್ಟೆ ಹಿಡಿದು ಗೋಡೆಗೆ ಬೆನ್ನು ಕೊಟ್ಟು ಕೂತು ತಿನ್ನತೊಡಗಿದರು. ಆರು ತಿಂಗಳಲ್ಲಿ ಮೈ ಇಳಿದು ಬಳೆ ಮೊಣಕೈವರೆಗೆ ಜಾರುವಂತಾಯಿತು.

ಈ ಸಲದ ಮಹಾಲಯಕ್ಕೆ ಹದಿನೈದು ದಿನವಿರುವಾಗ ಅವರು ಶಿವಮ್ಮನನ್ನು ಕರೆದು ಕೂರಿಸಿಕೊಂಡರು.

"ಶಿವಮ್ಮ, ನಿನ್ಹತ್ರ ಒಂದು ಮಾತುಂಟು. ಕೋಪ ಮಾಡ್ಬಾರ್ದು. ಘಟ್ಟದ ಕೆಳಗಿಂದ ಒಬ್ರು ಮಂತ್ರವಾದಿಯನ್ನು ಕರೆಸಿದ್ದೇನೆ. ಅಮಾವಾಸ್ಯೆ ಬೆಳಿಗ್ಗೆಯೇ ಬರ್ತಾರೆ. ಅದನ್ನ ಕರೆದು ಒಂದು ತೆಂಗಿನಕಾಯಿಗೆ ಹಿಡಿದು, ಮೊಳೆ ಹೊಡೆದು ಹೊಳೆಗೆ ಬಿಡುದಂತೆ."

"ಹಂಗೆ ಮಾಡಿದ್ರೆ ಆಮೇಲೆ ನಮ್ಮಜ್ಜ ಹಿರಿಯರ ಜೊತೆ ಸೇರೋಕಾಗುತ್ತಾ ಅಮ್ಮಾ?"

"ಇಲ್ವಂತೆ. ಎಲ್ಲಿಗೂ ಇಲ್ಲ ಮತ್ತೆ. ನಂಗೂ ಮನಸ್ಸಿಲ್ಲ ಶಿವಮ್ಮ, ಆದ್ರೆ ಹೀಗೇ ಬಿಟ್ರೆ ನಾನು ಉಳಿಯುದಿಲ್ಲ ನೋಡು." ಮಾಲತಿಯಮ್ಮ ಸೆರಗಿನ ತುದಿ ತಿರುಚುತ್ತ ತಗ್ಗಿದ ದನಿಯಲ್ಲಿ ಹೇಳಿದರು. "ಹೆಸರು ಹಿಡಿದು ಕರೆಯುದು ರಕ್ತಸಂಬಂಧಿಯೇ ಆಗ್ಬೇಕಂತೆ. ನೀನೇ ಕರಿಬೇಕು."

ನಲವತ್ತೆಂಟು ವರ್ಷ ಅನ್ನ ಕೊಟ್ಟ ಮನೆ. ಇರುವ ಲೈನುಮನೆ ಅವರದು, ಮಗ ಗಿರಿ ಓಡಿಸುವ ಜೀಪು ಅವರದು. ಶಿವಮ್ಮ ಆಗಲಿ ಎನ್ನಲಿಲ್ಲ, ಆಗುವುದಿಲ್ಲ ಎನ್ನುವ ಧೈರ್ಯವೂ ಬರಲಿಲ್ಲ. ಎಲೆ ಹಾಕುತ್ತೇನೆ ಎಂದು ತಾಯಿಗೆ ಮಾತು ಕೊಟ್ಟ ಕೈಯಲ್ಲೇ ಅಜ್ಜನನ್ನು ಕಾಯಿಯೊಳಗೆ ಕೂಡಿಹಾಕಬೇಕಾಗಿ ಬಂತಲ್ಲ ಎಂದು ಅವಳು ಅಡುಗೆಮನೆಯಲ್ಲಿ ಒಬ್ಬಳೇ ಅತ್ತಳು.

ಮರುದಿನ ಮಧ್ಯಾಹ್ನ ಮಾಲತಿಯಮ್ಮ ಮಲಗಿದ್ದಾಗ ಅವಳು ಹಾಲಿಗೆ ಹೋದಳು. ಕಿಟಕಿಯಿಂದ ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ತುದಿಯ ಬೆತ್ತದ ಕುರ್ಚಿಯ ಹಿಂದೆ ಮಾತ್ರ ಬಾವಿಯ ಬಾಯಿಂದ ಏಳುವಂಥ ತಂಪು. ಇಷ್ಟು ವರ್ಷ ಸುತ್ತು ಹಾಕಿ ಹೋಗುತ್ತಿದ್ದವಳು ಇಂದು ನೇರ ಅದರ ಎದುರಿಗೆ ನಿಂತಳು.

"ಅಜ್ಜಾ, ನೀನಾ?"

ಅವಳು ಇನ್ನೊಂದು ಹೆಜ್ಜೆ ಮುಂದಿಟ್ಟಳು.

"ಜವರಿ ಮೊಮ್ಮಗಳು ನಾನು. ನೀನೇ ಆಗಿದ್ರೆ ಇಲ್ಲಿಂದ ಹೋಗ್ಬಿಡಜ್ಜ. ಅಮಾವಾಸ್ಯೆಗೆ ಮುಂಚೆ ಎಲ್ಲಾದ್ರೂ ಹೋಗ್ಬಿಡು, ನಾನು ಕರೆಯೋಹಂಗೆ ಮಾಡ್ಬೇಡ."

ಆಗ ಅವಳಿಗೆ ಸದ್ದು ಕೇಳಿಸಿತು. ನಿಂತವರು ಬೇಸರವಾಗಿ ಮೈಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸಿದ ಸದ್ದು. ಬೂಟಿನ ತೊಗಲು ಕಿರ್ರೆಂದಿತು. ಬಿಸಿಲಲ್ಲಿ ಕುರ್ಚಿಯ ನೆರಳು ಬಿದ್ದಿತ್ತು, ಅದರ ಪಕ್ಕದಲ್ಲಿ ಬೇರೆ ನೆರಳೇನೂ ಇರಲಿಲ್ಲ. ಶಿವಮ್ಮ ಹಿಂದೆ ಹಿಂದೆ ನಡೆದು ಬಾಗಿಲು ಸೇರಿದಳು. ಅಜ್ಜ ಬೂಟನ್ನೂ ಕದ್ದಿದ್ದನೇ ಎಂಬ ನಾಚಿಕೆ ಹೆದರಿಕೆಗಿಂತ ಹೆಚ್ಚಾಗಿ ಅವಳನ್ನು ಸುಟ್ಟಿತು.

ಫೋಟೋದ ಗಾಜು ಬಿರುಕು ಬಿಟ್ಟಿತ್ತು. ಪೂಜೆಯ ದಿನ ಒಡಕು ಗಾಜು ಬೇಡ ಎಂದು ಮಾಲತಿಯಮ್ಮ ಅದನ್ನು ಗಿರಿಯ ಕೈಯಲ್ಲಿ ಕಳುಹಿಸಿದರು. ಗೋಣಿಕೊಪ್ಪದಲ್ಲಿ ಅಷ್ಟುದ್ದದ ಗಾಜು ಸಿಗದೆ ಗಿರಿ ಮೂರ್ನಾಡಿಗೆ ಹೋದ. ಅಲ್ಲಿ ನಾಗೇಶ್ವರ ಎಂಬ ಫ್ರೇಮಿನ ಕೆಲಸದವರು ಇದ್ದರು. ಹಳೆಯ ಫೋಟೋ ಎಂದರೆ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುವ ಮನುಷ್ಯ. ಅಮಾವಾಸ್ಯೆಯ ಹಿಂದಿನ ಸಂಜೆ ಗಿರಿ ಫೋಟೋ ತಂದು ಮೊದಲು ತಾಯಿಯ ಮನೆಯ ಮಂಚದ ಮೇಲೆ ಇಟ್ಟ.

"ಅವ್ವ, ಇದು ಮುಂಚೆಗಿಂತ ದೊಡ್ದಾಗಿದೆ ನೋಡು. ಆಗಿನ್ ಕಾಲದಲ್ಲಿ ಫ್ರೇಮ್ ಹಾಕಿದವ್ನು ಗಾಜು ಸಾಲ್ದೆ ಕೆಳಗಡೆ ನಾಲ್ಕು ಬೆರಳಗಲ ಹಿಂದಕ್ಕೆ ಮಡಚಿಬಿಟ್ಟಿದ್ನಂತೆ. ಕೂತವ್ರ ಕಾಲು ಮಡಚಬಾರ್ದು ಅಂತ ನಾಗೇಶ್ವರ್ ಸಾರ್ ಬಿಡಿಸಿ ಸರಿ ಮಾಡ್ಕೊಟ್ರು. ಹೆಸರೂ ಸಿಕ್ತು, ಎಲ್ಲಾರ್ದೂ ಪ್ರಿಂಟಾಗಿದೆ. ದೊಡ್ಡ ದಣೀದು ಇಲ್ಲಿ, ಎಡತುದೀಲಿ." ಅವನು ನಕ್ಕ. "ಅಷ್ಟು ದೊಡ್ಡ ಸಾಹುಕಾರ, ಇದ್ದವರೆಲ್ಲ ಬೂಟಲ್ಲಿದ್ರೆ ಇವರೊಬ್ರೇ ಬರಿಗಾಲು."

ಶಿವಮ್ಮ ಕನ್ನಡಕ ಹಾಕಿಕೊಂಡು ಬಗ್ಗಿದಳು. ಕುರ್ಚಿ ಸಾಲಿನ ಉದ್ದಕ್ಕೂ ಬೂಟುಗಳು, ಮಿರಮಿರ ಹೊಳೆಯುವ ಬೂಟುಗಳು. ಎಡತುದಿಯಲ್ಲಿ ಎರಡು ಬರಿಗಾಲು, ಆದಷ್ಟು ಕುರ್ಚಿಯ ಕೆಳಕ್ಕೆ ಎಳೆದುಕೊಂಡಂಥವು. ಬಲಗಾಲಿನಲ್ಲಿ ಐದು ಬೆರಳು. ಎಡಗಾಲಿನಲ್ಲಿ ಮೂರು.

ಅವಳು ಬೆರಳಿಟ್ಟು ಎಣಿಸಿದಳು, ಗಿರಿಗೂ ಎಣಿಸಲು ಹೇಳಿದಳು. ಆಮೇಲೆ ಒಂದೊಂದಾಗಿ ಅವಳಿಗೆ ತಿಳಿಯುತ್ತ ಹೋಯಿತು. ದಣಿ ಯಾರಿಗೆಲ್ಲ ಕೈಮುಗಿದು ಪಡೆದ ಕುರ್ಚಿ, ಊರಿಗೆ ಬರೆದು ಹೇಳಿಯಾಗಿದೆ, ಫೋಟೋದ ದಿನವೇ ಜ್ವರ. ಖಾಲಿ ಬಿಟ್ಟರೆ ಮಾನ ಹೋಯಿತು. ನನ್ನ ಮುಖ ಇಲ್ಲಿ ಯಾರು ಕಂಡಿದ್ದಾರೆ, ನೀನೇ ಹೋಗಿ ಕೂರು ಎಂದು ದಣಿಯೇ ಕೋಟು ತೊಡಿಸಿ ಕಳಿಸಿದ್ದಾರೆ. ಕೋಟು ಹಿಡಿಸಿತು, ಪೇಟ ಹಿಡಿಸಿತು. ಎರಡು ಬೆರಳಿಲ್ಲದ ಕಾಲಿಗೆ ಬೂಟು ಹಿಡಿಸಲಿಲ್ಲ. ಮಾರ ದೇಶದ ಮೆಂಬರುಗಳ ಸಾಲಿನಲ್ಲಿ ಕೂತ. ಕೂತವನಿಗೆ ಬೆನ್ನ ಹಿಂದೆ ನಿಂತವರ ಉಸಿರು ತಾಗಿರಬೇಕು. ಜೀವಮಾನವಿಡೀ ತಾನು ನಿಲ್ಲುತ್ತಿದ್ದ ಜಾಗದಲ್ಲಿ ಯಾರು ನಿಂತಿದ್ದಾರೆ ಎಂದು ತಿರುಗಿದ, ಮುಖ ಕಲಸಿಹೋಯಿತು. ಊರಿಗೆ ಬಂದು ಹೇಳಿ ಹೆಂಡತಿಯನ್ನು ನಗಿಸಬೇಕೆಂದುಕೊಂಡಿದ್ದ ಸಂಗತಿ ಇದೇ. ಆಮೇಲೆ ಅವನು ಎಲ್ಲಿ, ಹೇಗೆ ಸತ್ತ ಎಂಬುದನ್ನು ಮಾತ್ರ ಆ ಫೋಟೋ ಹೇಳಲಿಲ್ಲ.

"ಬೂಟು" ಎಂದಳು ಶಿವಮ್ಮ, ಇದ್ದಕ್ಕಿದ್ದ ಹಾಗೆ. "ಬಂಗ್ಲೆ ಕುರ್ಚಿ ಹಿಂದೆ ನಿಂತಿರೋರ ಕಾಲಲ್ಲಿ ಬೂಟಿದೆ ಗಿರಿ."

ಮರುದಿನ ಬೆಳಿಗ್ಗೆ ಹಾಲಿನಲ್ಲಿ ಫೋಟೋ ಮೇಜಿನ ಮೇಲಿಟ್ಟು ಅವಳು ಮಾಲತಿಯಮ್ಮನಿಗೆ ಎಲ್ಲವನ್ನೂ ಹೇಳಿದಳು. ಮಂತ್ರವಾದಿ ಆಗಲೇ ಬಂದು ಜಗಲಿಯಲ್ಲಿ ಅಕ್ಕಿಹಿಟ್ಟಿನ ಮಂಡಲ ಬರೆಯುತ್ತಿದ್ದ. ಮೊಳೆಗಳನ್ನು ಬಾಳೆಲೆಯ ಮೇಲೆ ಸಾಲಾಗಿ ಜೋಡಿಸಿಟ್ಟಿದ್ದ. ಮಾಲತಿಯಮ್ಮ ಬಹಳ ಹೊತ್ತು ಆ ಕಾಲುಗಳನ್ನೇ ನೋಡಿದರು.

"ಹಿಂದಕ್ಕೆ ಮಡಚು ಇದನ್ನ" ಎಂದರು. "ಗೊತ್ತಾಯ್ತಾ? ಮಡಚಿ ಮೊದಲಿನ ಹಾಗೇ ಹಾಕಿಸು. ತೊಂಬತ್ತು ವರ್ಷ ಈ ಮನೆಯವರೆಲ್ಲ ಕೈಮುಗಿದದ್ದು ಲೈನಿನ ಆಳಿಗೆ ಅಂತ ನಾಲ್ಕು ಜನಕ್ಕೆ ಗೊತ್ತಾದ್ರೆ..."

ಶಿವಮ್ಮನಿಗೆ ಸಿಟ್ಟು ಬಂತು. ನಲವತ್ತೆಂಟು ವರ್ಷದಲ್ಲಿ ಆ ಮನೆಯೊಳಗೆ ಮೊದಲ ಸಲ ಬಂದ ಸಿಟ್ಟು.

"ಮಡಚಿ ಅಮ್ಮಾ, ನಿಮ್ ಮನೆ ಫೋಟೋ. ಆದ್ರೆ ಒಂದು ಯೋಚ್ನೆ ಮಾಡಿ. ನಾನು ಮಾರ ಅಂತ ಕರೆದ್ರೆ ಬರೋರು ಯಾರು? ವರ್ಷಾವರ್ಷ ನಿಮ್ ಕೈಯಲ್ಲಿ ಉಂಡು ತೃಪ್ತಿಯಾಗಿರೋ ನಮ್ಮಜ್ಜ ಎದ್ ಬರ್ತಾನೆ. ಅವನನ್ನ ಕಾಯಿಗೆ ಹೊಡೆದು ಹೊಳೆಗೆ ಬಿಡ್ತೀರ. ಇಲ್ಲಿ ನಿಂತಿರೋರು ಇಲ್ಲೇ ನಿಂತಿರ್ತಾರೆ. ಅವರ ಹೆಸರೇ ಬೇರೆ. ಅವರಿಗೆ ಈ ಮನೇಲಿ ಸತ್ತಾಗಿನಿಂದ ಯಾರೂ ಒಂದು ಅಗುಳು ಹಾಕಿಲ್ಲ."

ಮಾಲತಿಯಮ್ಮ ಮೆಲ್ಲನೆ ಕತ್ತೆತ್ತಿ ತುದಿಯ ಕುರ್ಚಿಯ ಕಡೆ ನೋಡಿದರು. ಇಬ್ಬರಿಗೂ ಕೇಳುವಂತೆ ಅಲ್ಲಿ ತೊಗಲು ಕಿರ್ರೆಂದಿತು. ಅಡುಗೆಮನೆಯಲ್ಲಿ ಆಗಷ್ಟೇ ಇಳಿಸಿದ್ದ ಅನ್ನದ ಹುಳಿ ವಾಸನೆ ಹಾಲಿಗೆ ಬರುತ್ತಿತ್ತು. ಪಕ್ವಾನ್ನದ ಎಲೆಯನ್ನು ತನ್ನ ಆಳಿನ ಮುಂದೆ ಇಡುವುದನ್ನು ತೊಂಬತ್ತು ವರ್ಷ ಕಂಡು, ಕೇಳಲು ಬಾಯಿ ಬರದೆ, ಉಣ್ಣುವವರ ಕುತ್ತಿಗೆಯ ಹಿಂದೆ ಹಸಿದು ನಿಂತ ಮನುಷ್ಯ. ಸಭೆಯಲ್ಲಿ ಏಳದ ನಾಲಗೆ ಸತ್ತ ಮೇಲೂ ಎದ್ದಿರಲಿಲ್ಲ.

"ಅಯ್ಯೋ ದೇವರೇ" ಎಂದು ಮಾಲತಿಯಮ್ಮ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡರು. ಅತ್ತು ಮುಗಿದ ಮೇಲೆ ಎದ್ದು ಜಗಲಿಗೆ ಹೋಗಿ ಮಂತ್ರವಾದಿಗೆ ಕೈಮುಗಿದು, ದಾರಿಖರ್ಚು ಕೊಟ್ಟು, ಗಿರಿಯ ಜೀಪಿನಲ್ಲಿ ವಾಪಸು ಕಳಿಸಿದರು. ಅವನಿಗೆ ಅವಮಾನವಾಗಿ ಏನೇನೋ ಗೊಣಗುತ್ತ ಹೋದ. ಮಂಡಲವನ್ನು ಮಾಲತಿಯಮ್ಮ ತಾವೇ ನೀರು ಹಾಕಿ ತೊಳೆದರು.

ಮಧ್ಯಾಹ್ನದ ಹೊತ್ತಿಗೆ ಶಿವಮ್ಮ ಹೊಸದಾಗಿ ಅಡುಗೆ ಮಾಡಿದಳು. ಮಾಲತಿಯಮ್ಮ ಮೇಜಿನ ತುದಿಯಲ್ಲಿ ಎಲೆ ಹಾಕಿ, ನೀರುದೋಸೆ, ಕೋಳಿ ಸುಕ್ಕ, ಅನ್ನ ಎಲ್ಲವನ್ನೂ ತಮ್ಮ ಕೈಯಿಂದಲೇ ಬಡಿಸಿ ಬೆತ್ತದ ಕುರ್ಚಿಯನ್ನು ಹಿಂದಕ್ಕೆ ಎಳೆದರು. "ದೊಡ್ಡ ದಣಿ, ದೂಮಣ್ಣ ಅಡ್ಯಂತಾಯರೇ" ಎಂದು ಪೂರ್ತಿ ಹೆಸರು ಹಿಡಿದು ಕರೆದರು. "ತಪ್ಪಾಯ್ತು. ಕೂತ್ಕೊಳ್ಳಿ. ಊಟ ಮಾಡಿ."

ಮೊದಲು ಕುರ್ಚಿಯ ಹಿಂದಿನ ತಂಪು ಹೋಯಿತು. ಆಮೇಲೆ ಬೆತ್ತ ಒಂದೊಂದೇ ಎಳೆಯಾಗಿ ಕಿರುಗುಟ್ಟುತ್ತ ಕೆಳಕ್ಕೆ ಬಾಗಿತು. ಬಾಗಿ ಹಾಗೆಯೇ ನಿಂತಿತು. ಮಾಲತಿಯಮ್ಮ ಶಿವಮ್ಮನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡರು. ಎಲೆಯ ಮೇಲಿನ ಅನ್ನದ ಹಬೆ ನೇರ ಮೇಲೆ ಹೋಗದೆ ಕುರ್ಚಿಯ ಕಡೆಗೆ ವಾಲುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಮಾಲತಿಯಮ್ಮ ಇನ್ನೊಂದು ಬಾಳೆಲೆ ತಂದು ಫೋಟೋದ ಕೆಳಗೆ ಹಾಸಿದರು. "ಇದು ನಿನ್ನ ಅಜ್ಜನದ್ದು. ಇಲ್ಲೇ ಹಾಕು, ಅವನಿಗೆ ಅಭ್ಯಾಸ ಆಗಿರ್ತದೆ" ಎಂದರು. "ಇಷ್ಟು ವರ್ಷ ದಣಿಗೆ ಬೇಕಾದ್ದನ್ನು ಅವನಿಗೆ ತಿನ್ನಿಸಿದ್ದಾಯ್ತು. ಇವತ್ತು ಅವನಿಗೆ ಇಷ್ಟ ಆದದ್ದು ಮಾಡು ಶಿವಮ್ಮ. ಅವನಿಗೆ ಎಂತ ಇಷ್ಟ?"

ಶಿವಮ್ಮ ಹೇಳಲು ಬಾಯಿ ತೆರೆದಳು. ಅಜ್ಜಿ ಕಾಲಿನ ಬೆರಳು ಹೇಳಿದ್ದಳು, ಕಾರ್ಡು ಹೇಳಿದ್ದಳು, ಏನು ಮಾಡಿದರೆ ಅವನು ಇನ್ನೊಂದು ತುತ್ತು ಕೇಳುತ್ತಿದ್ದ ಎಂಬುದನ್ನು ಹೇಳಿರಲಿಲ್ಲ. ಎರಡು ವರ್ಷಕ್ಕೇ ಅಪ್ಪನನ್ನು ಕಳೆದುಕೊಂಡ ತಾಯಿಗೆ ಗೊತ್ತಿರಲಿಲ್ಲ. ಕಾಳು ಸಾರೋ, ಬಿದಿರಿನ ಕಣಿಲೆಯೋ, ಏಡಿಯೋ, ಬರೀ ಗಂಜಿ ಉಪ್ಪಿನಕಾಯೋ? ಲೈನಿನಲ್ಲಿ ಅವನನ್ನು ಕಂಡವರು ಒಬ್ಬರೂ ಉಳಿದಿಲ್ಲ. ಇಡೀ ಭೂಮಿಯ ಮೇಲೆ ಅವನ ಜೊತೆ ಇದ್ದವರೆಂದರೆ ಈಗ ಒಬ್ಬರೇ. ಅವಳು ಕುರ್ಚಿಯ ಕಡೆ ತಿರುಗಿದಳು.

"ದಣಿ" ಎಂದಳು. "ಮೂರು ವರ್ಷ ನಿಮ್ ಜೊತೆಗೇ ಇದ್ದ. ನಿಮಗೆ ಅವನೇ ಬೇಯ್ಸಿ ಹಾಕ್ತಿದ್ದ. ನಮ್ಮಜ್ಜನಿಗೆ ಏನು ಇಷ್ಟ ಅಂತ ಹೇಳಿ."

ವಾಲುತ್ತಿದ್ದ ಹಬೆ ನಿಂತಿತು. ಕುರ್ಚಿಯಲ್ಲಿದ್ದವರು ಉಣ್ಣುವುದನ್ನು ನಿಲ್ಲಿಸಿ ಯೋಚಿಸುತ್ತಿರುವಂತಿತ್ತು. ಅವಳು ಕಾದಳು. ಸೂಚನೆ ಏನಾದರೂ ಸಿಕ್ಕೀತೆಂದು ಅವಳು ಉಪ್ಪಿನ ಬಟ್ಟಲು, ಮೊಸರಿನ ಪಾತ್ರೆ, ಬಾಗಿದ ಬೆತ್ತ ಎಲ್ಲವನ್ನೂ ನೋಡಿದಳು.

"ಗೊತ್ತಿಲ್ವಾ ದಣಿ?"

ಬೆತ್ತ ಕಿರುಗುಟ್ಟಲಿಲ್ಲ. ಕುರ್ಚಿಯಲ್ಲಿ ಕೂತವರು ಒಂದು ದಿನವೂ ಹಿಂದೆ ತಿರುಗಿ ಅವನನ್ನು ಕೇಳಿರಲಿಲ್ಲ. ಶಿವಮ್ಮ ಖಾಲಿ ಎಲೆಯ ಮುಂದೆ ಸೌಟು ಹಿಡಿದುಕೊಂಡು, ಏನು ಬಡಿಸಬೇಕೆಂದು ತಿಳಿಯದೆ, ನಿಂತೇ ಇದ್ದಳು.